ಕೊನೆಯ ಹೊಲಿಗೆ ಬಿಟ್ಟ ಕುಲಾವಿ: ಬರಲಿರುವ ಕೂಸಿಗೆ ಉಲ್ಲನ್ ಹೆಣೆಯುವುದು ಹೇಗೆ

‘ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದರು’ ಅನ್ನುವ ಗಾದೆ ನಮ್ಮಲ್ಲಿ ಯಾರಿಗೆ ಗೊತ್ತಿಲ್ಲ? ಎಷ್ಟೋ ಮನೆಗಳಲ್ಲಿ ಅದು ಗಾದೆ ಮಾತ್ರ ಅಲ್ಲ, ನಿಯಮವೇ. ಹೆರಿಗೆ ಆಗುವ ತನಕ ಮಗುವಿಗೆ ಒಂದು ಬಟ್ಟೆಯನ್ನೂ ತರುವುದಿಲ್ಲ. ಹೆರಿಗೆ ಎಂದರೆ ತಾಯಿಗೂ ಕೂಸಿಗೂ ಜೀವದ ಪ್ರಶ್ನೆಯಾಗಿದ್ದ ಕಾಲದಿಂದ ಬಂದ ಭಯ ಅದು. ಅದನ್ನು ಮೂಢನಂಬಿಕೆ ಎಂದು ತಳ್ಳಿಹಾಕಲು ನನಗೆ ಮನಸ್ಸಿಲ್ಲ.

ನಾನು ಮೊದಲ ಸಲ ಬಸುರಿಯಾದಾಗ ಹೆಣೆಯಬೇಕೆಂಬ ಆಸೆ ತುಂಬಾ ಇತ್ತು. ಮನೆಯಲ್ಲಿ ಬೇಡ ಅಂದರು. ಆಗ ನಮ್ಮಜ್ಜಿ ಒಂದು ದಾರಿ ಹೇಳಿಕೊಟ್ಟರು. ‘ಹೆಣೆ, ಆದರೆ ಕೊನೆಯ ಹೊಲಿಗೆ ಹಾಕಬೇಡ. ಹೊಲಿಯದೆ ಇದ್ದರೆ ಅದು ಇನ್ನೂ ಕುಲಾವಿ ಆಗಲಿಲ್ಲವಲ್ಲ!’ ಎಲ್ಲರೂ ಒಪ್ಪಿದರು. ಮಗಳು ಹುಟ್ಟಿದ ಮೇಲೆ ನನಗೆ ಇನ್ನೊಂದು ವಿಷಯ ಹೊಳೆಯಿತು. ಹೊಲಿಗೆ ಬಿಟ್ಟಿದ್ದರಿಂದಲೇ ಆ ಕುಲಾವಿಯನ್ನು ಅವಳ ತಲೆಯ ಅಳತೆಗೆ ಸರಿಯಾಗಿ ಕೂಡಿಸಲು ಆಯಿತು.

ಈಗ ನನ್ನ ತಂಗಿಗೆ ಏಳು ತಿಂಗಳು. ಅವಳಿಗಾಗಿ ಮತ್ತೆ ಕಡ್ಡಿ ಹಿಡಿದಿದ್ದೇನೆ. ನಿಮ್ಮ ಮನೆಯಲ್ಲೂ ಕೂಸು ಬರಲಿದ್ದರೆ, ನೀವು ಬಸುರಿಯೇ ಇರಿ, ಅಜ್ಜಿಯಾಗುವವರೇ ಇರಿ, ದೊಡ್ಡಮ್ಮ ಆಗುವವರೇ ಇರಿ, ಈ ರೀತಿ ಮಾಡಿ ನೋಡಿ.

ಏನು ಮಾಡಬೇಕು, ಎಷ್ಟು ಮಾಡಬೇಕು

ಎರಡು ಕುಲಾವಿ, ಎರಡು ಜೊತೆ ಕಾಲುಚೀಲ, ಒಂದು ಹೊದಿಕೆ. ಇಷ್ಟೇ ಸಾಕು. ಉತ್ಸಾಹದಲ್ಲಿ ಜಾಸ್ತಿ ಮಾಡಲು ಹೋಗಬೇಡಿ. ತಿಂಗಳು ತುಂಬಿ ಹುಟ್ಟಿದ ಮಗುವಿನ ತಲೆಯ ಸುತ್ತಳತೆ ಸಾಮಾನ್ಯವಾಗಿ 33ರಿಂದ 37 ಸೆಂ.ಮೀ. ಇರುತ್ತದೆ. ಮೊದಲ ಮೂರು ತಿಂಗಳು ಅದು ತಿಂಗಳಿಗೆ ಸುಮಾರು 2 ಸೆಂ.ಮೀ. ಬೆಳೆಯುತ್ತದೆ. ಹಾಗಾಗಿ ಹುಟ್ಟಿದ ದಿನ ಸರಿಹೋದ ಕುಲಾವಿ ಒಂದೂವರೆ ತಿಂಗಳಿಗೆ ಬಿಗಿಯಾಗುತ್ತದೆ. ಆರು ಕುಲಾವಿ ಹೆಣೆದರೆ ನಾಲ್ಕು ಪೆಟ್ಟಿಗೆಯಲ್ಲೇ ಉಳಿಯುತ್ತವೆ.

ಎರಡೆರಡು ಬೇಕೇ ಬೇಕು ಅನ್ನಲು ಕಾರಣ ಇದೆ. ನನ್ನ ಮಗಳು ಹುಟ್ಟಿದ್ದು ಆಷಾಢದಲ್ಲಿ, ಕೊಪ್ಪದ ಕಡೆಯ ಮಳೆಯಲ್ಲಿ. ಒಂದು ತೊಳೆದರೆ ಮೂರು ದಿನ ಒಣಗುತ್ತಿರಲಿಲ್ಲ.

ಯಾವ ತಿಂಗಳು, ಯಾವ ಊರು ಎಂದೂ ಯೋಚಿಸಿ. ಮಡಿಕೇರಿಯ ಮಳೆಗೆ, ಚಿಕ್ಕಮಗಳೂರಿನ ಚಳಿಗೆ, ಬೆಂಗಳೂರಿನ ಡಿಸೆಂಬರ್‌ಗೆ ಉಲ್ಲನ್ ಸರಿ. ಮಂಗಳೂರು, ಕಾರವಾರದ ಸೆಕೆಗೆ ಹತ್ತಿ ದಾರವೇ ಒಳ್ಳೆಯದು. ಕಲಬುರಗಿ, ರಾಯಚೂರಿನಲ್ಲಿ ಏಪ್ರಿಲ್-ಮೇ ತಿಂಗಳಲ್ಲಿ ಹೆರಿಗೆ ಎಂದಾದರೆ ದಯವಿಟ್ಟು ಉಲ್ಲನ್ ಬೇಡ. ಕೂಸಿಗೆ ಚಳಿ ಎಷ್ಟು ಕೆಟ್ಟದ್ದೋ ಸೆಕೆಯೂ ಅಷ್ಟೇ ಕೆಟ್ಟದ್ದು.

ದಾರ ಆರಿಸುವುದು

ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ. ಹೆಣಿಗೆ ತಪ್ಪಾದರೆ ಬಿಚ್ಚಬಹುದು. ದಾರ ತಪ್ಪಾದರೆ ಎಲ್ಲ ಕೆಲಸವೂ ವ್ಯರ್ಥ.

ನಮ್ಮ ಅಂಗಡಿಗಳಲ್ಲಿ ‘ಉಲ್ಲನ್’ ಎಂದು ಕೊಡುವುದರಲ್ಲಿ ಹೆಚ್ಚಿನದು ಕುರಿ ಉಣ್ಣೆ ಅಲ್ಲ, ಅಕ್ರಿಲಿಕ್. ಅಂಗಡಿಯವರು ಮೋಸ ಮಾಡುತ್ತಾರೆ ಎಂದಲ್ಲ. ನಮ್ಮ ಮಾತಿನಲ್ಲಿ ಹೆಣೆಯುವ ದಾರಕ್ಕೆಲ್ಲ ಉಲ್ಲನ್ ಅಂತಲೇ ಹೆಸರು. ಲೇಬಲ್ ಓದಿ. ಲೇಬಲ್ ಇಲ್ಲದಿದ್ದರೆ ಒಂದು ಗೇಣು ದಾರ ಕತ್ತರಿಸಿ, ಇಕ್ಕಳದಲ್ಲಿ ಹಿಡಿದು, ಬಚ್ಚಲಲ್ಲಿ ನಿಂತು ಬೆಂಕಿ ತೋರಿಸಿ. ನಿಜವಾದ ಉಣ್ಣೆ ಕೂದಲು ಸುಟ್ಟ ವಾಸನೆ ಬರುತ್ತದೆ, ಬೆಂಕಿ ತೆಗೆದರೆ ತಾನೇ ಆರುತ್ತದೆ, ಬೂದಿಯನ್ನು ಬೆರಳಲ್ಲಿ ಒತ್ತಿದರೆ ಪುಡಿಯಾಗುತ್ತದೆ. ಅಕ್ರಿಲಿಕ್ ಕರಗುತ್ತದೆ, ಆರಿದ ಮೇಲೆ ಕಪ್ಪು ಗಟ್ಟಿ ಮಣಿಯಂತೆ ಉಳಿಯುತ್ತದೆ.

ಅಕ್ರಿಲಿಕ್ ಕೆಟ್ಟದ್ದೇನೂ ಅಲ್ಲ. ತೊಳೆಯಲು ಸುಲಭ, ಬೇಗ ಒಣಗುತ್ತದೆ, ಹುಳ ಹಿಡಿಯುವುದಿಲ್ಲ. ಮಳೆಗಾಲದ ಕೂಸಿಗೆ ನಾನೂ ಅದನ್ನೇ ಬಳಸಿದ್ದೇನೆ. ಆದರೆ ಒಂದು ಎಚ್ಚರ. ನಮ್ಮ ಬಾಣಂತನದಲ್ಲಿ ನೀರು ಹಾಕಿದ ಮೇಲೆ ಕೆಂಡಕ್ಕೆ ಸಾಂಬ್ರಾಣಿ ಹಾಕಿ ಕೂಸಿಗೆ ಹಿಡಿಯುವ ರೂಢಿ ಇದೆ. ಕೂಸಿನ ಶ್ವಾಸಕ್ಕೆ ಆ ಹೊಗೆಯೇ ಬೇಡ ಎಂದು ಮಕ್ಕಳ ವೈದ್ಯರು ಹೇಳುತ್ತಾರೆ. ಅದು ಹಾಗಿರಲಿ, ಕೆಂಡದ ಹತ್ತಿರ ಅಕ್ರಿಲಿಕ್ ಬಟ್ಟೆ ಮಾತ್ರ ಇರಲೇಬಾರದು. ಕಿಡಿ ಬಿದ್ದರೆ ಅದು ಕರಗಿ ಚರ್ಮಕ್ಕೆ ಅಂಟುತ್ತದೆ.

ಕುರಿ ಉಣ್ಣೆಯೇ ಬೇಕು ಅಂದರೆ ಮೆರಿನೋ ಎಂದು ಕೇಳಿ. ಆ ಕುರಿಯ ಎಳೆ ಬಹಳ ಸಣ್ಣದು, ಚುಚ್ಚುವುದಿಲ್ಲ. ನಮ್ಮ ದಖನಿ ಕುರಿಯ ಉಣ್ಣೆ ಒರಟು. ಚಳ್ಳಕೆರೆ ಕಡೆಯ ಕರಿ ಕಂಬಳಿ ಮುಟ್ಟಿ ನೋಡಿದವರಿಗೆ ಗೊತ್ತಿರುತ್ತದೆ. ನೇಯುವಾಗ ಹುಣಸೆ ಬೀಜದ ಗಂಜಿಯನ್ನೂ ಹಾಕುವುದರಿಂದ ಹೊಸ ಕಂಬಳಿ ಇನ್ನೂ ಗಡುಸು. ಮಳೆಗೆ, ಮಂಜಿಗೆ, ಹಾಸಲು ಅದಕ್ಕೆ ಸಾಟಿ ಇಲ್ಲ. ಕೂಸಿನ ಮೈಗೆ ಮಾತ್ರ ನೇರವಾಗಿ ತಾಗಬಾರದು.

ದಾರ ಕೊಳ್ಳುವ ಮೊದಲು ಉಂಡೆಯನ್ನು ನಿಮ್ಮ ಕುತ್ತಿಗೆಗೆ ಒತ್ತಿ ಒಂದು ನಿಮಿಷ ಇಟ್ಟುಕೊಳ್ಳಿ. ಅಲ್ಲಿ ಚುಚ್ಚಿದರೆ ಕೂಸಿಗೂ ಚುಚ್ಚುತ್ತದೆ. ತುಪ್ಪಳದಂತೆ ನಯವಾಗಿ ಕೂದಲು ಎದ್ದಿರುವ ದಾರ ನೋಡಲು ಚೆಂದ. ಆದರೆ ಆ ಕೂದಲು ಕೂಸಿನ ಬಾಯಿ, ಮೂಗಿಗೆ ಹೋಗುತ್ತದೆ. ಬೇಡ.

ಕೆಳಗಿನ ಲೆಕ್ಕವೆಲ್ಲ ಲೇಬಲ್ ಮೇಲೆ 4 ಮಿ.ಮೀ. ಕಡ್ಡಿ ಎಂದು ಬರೆದಿರುವ ಮಧ್ಯಮ ದಪ್ಪದ ದಾರಕ್ಕೆ. 50 ಗ್ರಾಂ ಉಂಡೆ ಒಂದರಲ್ಲಿ ಒಂದು ಕುಲಾವಿ, ಒಂದು ಜೊತೆ ಕಾಲುಚೀಲ ಆಗುತ್ತವೆ. ಹೊದಿಕೆಗೆ 400 ಗ್ರಾಂ ಇಟ್ಟುಕೊಳ್ಳಿ. ಜೊತೆಗೆ 8ನೇ ನಂಬರಿನ (4 ಮಿ.ಮೀ.) ಒಂದು ಜೊತೆ ಕಡ್ಡಿ, 10ನೇ ನಂಬರಿನ (3.25 ಮಿ.ಮೀ.) ಒಂದು ಜೊತೆ, ತುದಿ ಮೊಂಡಾದ ಉಲ್ಲನ್ ಸೂಜಿ, ಟೇಪು. ನಮ್ಮಲ್ಲಿ ಸಿಗುವ ಕಡ್ಡಿಗಳಲ್ಲಿ ನಂಬರ್ ದೊಡ್ಡದಾದಷ್ಟು ಕಡ್ಡಿ ಸಣ್ಣ. ಹೊಸಬರು ಇಲ್ಲೇ ಎಡವುತ್ತಾರೆ.

ಮೊದಲು ಒಂದು ಚೌಕ

ಎರಡೇ ಹೆಣಿಗೆ ಗೊತ್ತಿದ್ದರೆ ಸಾಕು. ದಾರ ಹಿಂದೆ ಇಟ್ಟು ಹೆಣೆಯುವ ಸೀದಾ, ದಾರ ಮುಂದೆ ತಂದು ಹೆಣೆಯುವ ಉಲ್ಟಾ. 8ನೇ ನಂಬರಿನ ಕಡ್ಡಿಗೆ 28 ಕುಣಿಕೆ ಹಾಕಿ, ಒಂದು ಸಾಲು ಸೀದಾ, ಒಂದು ಸಾಲು ಉಲ್ಟಾ ಮಾಡುತ್ತಾ ಅಂಗೈ ಅಗಲದ ತುಂಡು ಹೆಣೆಯಿರಿ. ನಡುವೆ ಟೇಪು ಇಟ್ಟು 10 ಸೆಂ.ಮೀ.ಗೆ ಎಷ್ಟು ಕುಣಿಕೆ ಬಂತು ಎಣಿಸಿ. 22 ಬಂದರೆ ನಿಮ್ಮ ಕೈ ಈ ಲೆಕ್ಕಕ್ಕೆ ಸರಿ. 24 ಬಂದರೆ ನೀವು ಬಿಗಿಯಾಗಿ ಹೆಣೆಯುತ್ತೀರಿ, 7ನೇ ನಂಬರ್ ಕಡ್ಡಿ ತೆಗೆದುಕೊಳ್ಳಿ. 20 ಬಂದರೆ ಸಡಿಲ, 9ನೇ ನಂಬರ್ ಹಿಡಿಯಿರಿ.

ಈ ತುಂಡನ್ನು ಎಸೆಯಬೇಡಿ. ಅದನ್ನು ತೊಳೆದು ನೋಡಿ. ಬಣ್ಣ ಬಿಡುತ್ತದೆಯೇ, ಕುಗ್ಗುತ್ತದೆಯೇ ಎಂದು ಕುಲಾವಿ ಮಾಡುವ ಮೊದಲೇ ಗೊತ್ತಾಗುತ್ತದೆ.

ಕುಲಾವಿ

ಅಳತೆ ಸುಮಾರು 32 ಸೆಂ.ಮೀ. ಬರುತ್ತದೆ. ತಲೆ 35 ಇದ್ದರೆ ಹೆಣಿಗೆ ಹಿಗ್ಗಿ ಹಿತವಾಗಿ ಕೂರುತ್ತದೆ.

1. 72 ಕುಣಿಕೆ ಹಾಕಿ. ಹಾಕುವಾಗ ಎರಡು ಕಡ್ಡಿಯನ್ನು ಜೋಡಿಸಿ ಹಿಡಿದು ಅದರ ಮೇಲೆ ಹಾಕಿ, ಆಮೇಲೆ ಒಂದನ್ನು ಎಳೆದುಬಿಡಿ. ಅಂಚು ಸಡಿಲವಾಗಿ ಬರುತ್ತದೆ. ನಾನು ಮೊದಲ ಕುಲಾವಿಯಲ್ಲಿ ಹೀಗೆ ಮಾಡಲಿಲ್ಲ. ಮಗಳ ಹಣೆಯ ಮೇಲೆ ಕೆಂಪು ಗೆರೆ ಬಿದ್ದಿತ್ತು. ಅದನ್ನು ನೋಡಿ ನನಗೆ ಅಳುವೇ ಬಂತು. ಅವತ್ತೇ ಪೂರ್ತಿ ಬಿಚ್ಚಿ ಮತ್ತೆ ಹೆಣೆದೆ.

2. 10ನೇ ನಂಬರಿನ ಕಡ್ಡಿಯಲ್ಲಿ ಎರಡು ಸೀದಾ, ಎರಡು ಉಲ್ಟಾ ಎಂದು ಸಾಲು ಪೂರ್ತಿ ಹೆಣೆಯಿರಿ. 3 ಸೆಂ.ಮೀ. ಆಗುವ ತನಕ ಹೀಗೇ. ಈ ಪಟ್ಟಿ ರಬ್ಬರಿನಂತೆ ಹಿಗ್ಗುತ್ತದೆ, ಹಾಗಾಗಿ ಕಟ್ಟುವ ದಾರ ಬೇಕಾಗುವುದಿಲ್ಲ.

3. 8ನೇ ನಂಬರಿನ ಕಡ್ಡಿಗೆ ಬದಲಾಯಿಸಿ. ಒಂದು ಸಾಲು ಸೀದಾ, ಒಂದು ಸಾಲು ಉಲ್ಟಾ. ಬುಡದಿಂದ ಒಟ್ಟು 9 ಸೆಂ.ಮೀ. ಆಗಲಿ. ಕೊನೆಯ ಸಾಲು ಉಲ್ಟಾ ಇರಲಿ.

4. ಈಗ ನೆತ್ತಿ. 7 ಸೀದಾ ಹೆಣೆದು, ಮುಂದಿನ ಎರಡು ಕುಣಿಕೆಯನ್ನು ಸೇರಿಸಿ ಒಂದಾಗಿ ಹೆಣೆಯಿರಿ. ಸಾಲಿನಲ್ಲಿ ಹೀಗೆ 8 ಸಲ. 64 ಉಳಿಯುತ್ತವೆ. ಮುಂದಿನ ಸಾಲು ಸುಮ್ನೆ ಉಲ್ಟಾ.

5. ಆಮೇಲಿನ ಸೀದಾ ಸಾಲಿನಲ್ಲಿ 6 ಹೆಣೆದು ಎರಡನ್ನು ಸೇರಿಸಿ, ಅದರ ನಂತರದ ಸೀದಾ ಸಾಲಿನಲ್ಲಿ 5 ಹೆಣೆದು ಎರಡನ್ನು ಸೇರಿಸಿ. ಹೀಗೆ ಪ್ರತಿ ಸೀದಾ ಸಾಲಿನಲ್ಲಿ 8 ಕುಣಿಕೆ ಕಡಿಮೆಯಾಗುತ್ತಾ 64, 56, 48, 40, 32, 24, 16, ಕೊನೆಗೆ 8 ಉಳಿಯುತ್ತವೆ.

6. 40 ಸೆಂ.ಮೀ. ಉದ್ದ ದಾರ ಬಿಟ್ಟು ಕತ್ತರಿಸಿ. ಆ ದಾರವನ್ನು ಸೂಜಿಗೆ ಪೋಣಿಸಿ 8 ಕುಣಿಕೆಯೊಳಗೂ ಎಳೆದು, ಕಡ್ಡಿ ತೆಗೆಯಿರಿ. ಗಂಟು ಹಾಕಬೇಡಿ, ಬಿಗಿಯಬೇಡಿ.

ಇಲ್ಲಿಗೆ ನಿಲ್ಲಿಸಿ. ಹಿಂಬದಿ ತೆರೆದೇ ಇರಲಿ. ಕೈಯಲ್ಲಿ ಬಿಚ್ಚಿದ ಹೂವಿನಂತೆ ಒಂದು ತುಂಡು ಇರುತ್ತದೆ, ಅದರ ಬಾಲಕ್ಕೆ ಉದ್ದ ದಾರ.

ಕಾಲುಚೀಲ

ಹುಟ್ಟಿದ ಮಗುವಿನ ಪಾದ ಸುಮಾರು 8 ಸೆಂ.ಮೀ. ಇರುತ್ತದೆ. 8ನೇ ನಂಬರಿನ ಕಡ್ಡಿಗೆ 36 ಕುಣಿಕೆ ಹಾಕಿ 10 ಸಾಲು ಬರೀ ಸೀದಾ ಹೆಣೆಯಿರಿ. ಮುಂದಿನ ಸಾಲಿನಲ್ಲಿ 16 ಹೆಣೆದು, ಎರಡು ಸೇರಿಸಿ ಒಂದು, ಮತ್ತೆ ಎರಡು ಸೇರಿಸಿ ಒಂದು, ಉಳಿದ 16 ಹೆಣೆಯಿರಿ. 34 ಆಯಿತು. ಒಂದು ಸಾಲು ಸುಮ್ನೆ ಸೀದಾ. ಮತ್ತೆ 15 ಹೆಣೆದು ಅದೇ ರೀತಿ ನಡುವೆ ಎರಡು ಸಲ ಸೇರಿಸಿ, 15 ಹೆಣೆಯಿರಿ. ಹೀಗೆ ಒಂದು ಸಾಲು ಬಿಟ್ಟು ಒಂದು ಸಾಲಿನಲ್ಲಿ ನಡುವೆ ಎರಡೆರಡು ಕಡಿಮೆ ಮಾಡುತ್ತಾ 24ಕ್ಕೆ ಬನ್ನಿ. ಪಾದದ ಮೇಲ್ಭಾಗ ತಾನೇ ಬಾಗಿ ಬರುತ್ತದೆ. ಆಮೇಲೆ ಎರಡು ಸೀದಾ, ಎರಡು ಉಲ್ಟಾ ಪಟ್ಟಿ 5 ಸೆಂ.ಮೀ. ಹೆಣೆದು ಸಡಿಲವಾಗಿ ಮುಗಿಸಿ. ಮಡಚಿ, ಅಂಗಾಲಿನ ಉದ್ದಕ್ಕೂ ಹಿಮ್ಮಡಿಯ ಹಿಂದೆಯೂ ಹೊಲಿದರೆ ಕಾಲುಚೀಲ. ಅದನ್ನೂ ಆಮೇಲೆ ಹೊಲಿಯಲು ಬಿಡಿ.

ನೆಂಟರೆಲ್ಲ ಸೇರಿ ಹೊದಿಕೆ

ಹೊದಿಕೆಯನ್ನು ಒಬ್ಬರೇ ಹೆಣೆಯುವುದಕ್ಕಿಂತ ಹಂಚಿಕೊಂಡು ಹೆಣೆದರೆ ನನಗೆ ಇಷ್ಟ. 20 ಸೆಂ.ಮೀ.ನ 16 ಚೌಕ ಸೇರಿದರೆ 80 ಸೆಂ.ಮೀ. ಹೊದಿಕೆ. ಒಂದು ಚೌಕಕ್ಕೆ 42 ಕುಣಿಕೆ, ಸುಮಾರು 84 ಸಾಲು, ಎಲ್ಲವೂ ಸೀದಾ. ಈಗಷ್ಟೇ ಕಲಿತವರೂ ಮಾಡಬಹುದು. ಸೀಮಂತಕ್ಕೋ ಕುಬಸಕ್ಕೋ ಬರುವ ಅತ್ತೆ, ಚಿಕ್ಕಮ್ಮ, ಅತ್ತಿಗೆಯರಿಗೆ ಮೊದಲೇ ಒಂದೊಂದು ಉಂಡೆ ಕೊಟ್ಟುಬಿಡಿ. ದಾರ ಮಾತ್ರ ಒಂದೇ ಕಂಪನಿಯದು, ಒಂದೇ ದಪ್ಪದ್ದು ಇರಲಿ, ಇಲ್ಲದಿದ್ದರೆ ತೊಳೆದಾಗ ಒಂದೊಂದು ಚೌಕ ಒಂದೊಂದು ರೀತಿ ಎಳೆಯುತ್ತದೆ. ನಮ್ಮ ಮನೆಯಲ್ಲಿ 16ರಲ್ಲಿ 5 ಚೌಕ ಹೆಣೆದದ್ದು ನನ್ನ ಅತ್ತೆ. ಅವರ ಕೈ ಬಿಗಿ, ಅವರ ಚೌಕ ಒಂದು ಬೆರಳು ಚಿಕ್ಕದು. ಆ ಐದನ್ನೂ ನಡುವಿನ ಸಾಲುಗಳಲ್ಲಿ ಕೂಡಿಸಿದೆವು. ಈಗಲೂ ಮುಟ್ಟಿದರೆ ಇದು ಅವರದ್ದು ಎಂದು ಗೊತ್ತಾಗುತ್ತದೆ.

ಹೊದಿಕೆಯ ಒಂದು ಬದಿಗೆ ಹಳೆಯ ಹತ್ತಿ ಸೀರೆಯ ಒಳಪದರ ಕೊಡಿ. ಹತ್ತಾರು ವರ್ಷ ಒಗೆದು ಮೆತ್ತಗಾದ ಸೀರೆಗಿಂತ ಹಿತವಾದ ಬಟ್ಟೆ ಯಾವ ಅಂಗಡಿಯಲ್ಲೂ ಸಿಗದು. ಸೂಕ್ಷ್ಮ ಚರ್ಮದ ಕೂಸಾದರೆ ಕುಲಾವಿಗೂ ಇದೇ ಒಳಪದರ ಕೊಡಬಹುದು.

ಬೇಡವಾದದ್ದು

ಗುಂಡಿ, ಮಣಿ, ಗೊಂಡೆ, ರಿಬ್ಬನ್ ಬೇಡ. ಕಿತ್ತು ಬಂದರೆ ಬಾಯಿಗೆ ಹೋಗುತ್ತದೆ. ಗಲ್ಲದ ಕೆಳಗೆ ಕಟ್ಟುವ ದಾರ ಕುತ್ತಿಗೆಗೆ ಬಿಗಿಯಬಹುದು. ದೊಡ್ಡ ತೂತಿನ ಜಾಲರಿ ಹೆಣಿಗೆಯೂ ಬೇಡ, ಪುಟ್ಟ ಬೆರಳು ಸಿಕ್ಕಿಕೊಳ್ಳುತ್ತದೆ.

ಇದಕ್ಕಿಂತ ದೊಡ್ಡ ಅಪಾಯ ಒಳಗಡೆ ಇರುತ್ತದೆ, ಕಣ್ಣಿಗೆ ಬೀಳುವುದಿಲ್ಲ. ಕಾಲುಚೀಲದೊಳಗೆ ಒಂದು ಎಳೆ ಬಿಟ್ಟುಹೋದರೆ ಅದು ಕಾಲ್ಬೆರಳಿಗೆ ಸುತ್ತಿಕೊಂಡು ರಕ್ತ ಓಡದಂತೆ ಮಾಡಬಹುದು. ಕೂಸು ಅಳುತ್ತದೆ, ಕಾರಣ ಯಾರಿಗೂ ತಿಳಿಯುವುದಿಲ್ಲ. ಹಾಗಾಗಿ ಹೊಲಿದ ಮೇಲೆ ಒಳಗನ್ನು ಹೊರಗೆ ಮಾಡಿ, ಪ್ರತಿ ದಾರದ ತುದಿಯನ್ನೂ ಹೆಣಿಗೆಯೊಳಗೆ ಮೂರ್ನಾಲ್ಕು ಸಲ ಓಡಿಸಿ. ಕೂಸು ಸುಮ್ಮನಾಗದೆ ಅತ್ತರೆ ಮೊದಲು ಕಾಲುಚೀಲ ಬಿಚ್ಚಿ ಬೆರಳು ನೋಡಿ.

ಮಲಗಿಸುವಾಗ ಕುಲಾವಿ ತೆಗೆಯಿರಿ. ಹುಟ್ಟಿದ ಮೊದಲ ಗಂಟೆಗಳಲ್ಲಿ ತಲೆ ಮುಚ್ಚುವುದು ಮುಖ್ಯ, ಮೈಯ ಶಾಖ ತಲೆಯಿಂದ ಬೇಗ ಹೋಗುತ್ತದೆ. ಹಗುರವಾಗಿ ಹುಟ್ಟಿದ ಕೂಸಿಗೆ ವೈದ್ಯರು ಹೇಳಿದಷ್ಟು ದಿನ ಹಾಕಿ. ಉಳಿದಂತೆ, ಬೆಚ್ಚಗಿನ ಮನೆಯೊಳಗೆ ನಿದ್ದೆಯಲ್ಲಿ ತಲೆ ಮುಚ್ಚಿದರೆ ಮೈ ಮಿತಿಮೀರಿ ಬಿಸಿಯಾಗುತ್ತದೆ, ಟೋಪಿ ಜಾರಿ ಮೂಗು ಮುಚ್ಚುವುದೂ ಉಂಟು. ಸಡಿಲ ಹೊದಿಕೆಯೂ ಮಲಗಿದ ಕೂಸಿನ ಮೇಲೆ ಬೇಡ, ಒಂದು ವರ್ಷ ತುಂಬುವ ತನಕ. ನಮ್ಮ ಹೊದಿಕೆ ಎತ್ತಿಕೊಳ್ಳುವಾಗ ಸುತ್ತಲು, ಆಸ್ಪತ್ರೆಯಿಂದ ಮನೆಗೆ ತರಲು, ಎಣ್ಣೆ ಹಚ್ಚುವಾಗ ಕೆಳಗೆ ಹಾಸಲು. ಹಿರಿಯರಿಗೆ ಇದನ್ನು ಹೇಳುವುದು ಕಷ್ಟ, ನನಗೆ ಗೊತ್ತು. ಕೂಸಿನ ಕತ್ತಿನ ಹಿಂಭಾಗ ಮುಟ್ಟಿ ತೋರಿಸಿ. ಅಲ್ಲಿ ಬೆವರಿದ್ದರೆ ಅವರೇ ಒಂದು ಪದರ ತೆಗೆಯುತ್ತಾರೆ.

ತೊಳೆಯುವುದು, ಎತ್ತಿಡುವುದು

ಬಳಸುವ ಮೊದಲು ಎಲ್ಲವನ್ನೂ ಒಮ್ಮೆ ತೊಳೆಯಿರಿ. ಅಂಟುವಾಳದ ನೀರು ಸಾಕು. ಕುರಿ ಉಣ್ಣೆಯಾದರೆ ನೀರು ಬರೀ ಉಗುರು ಬೆಚ್ಚಗಿರಲಿ, ಉಜ್ಜಬೇಡಿ. ಉಣ್ಣೆಯ ಎಳೆಯ ಮೇಲೆ ಮೀನಿನ ಹುರುಪೆಯಂಥ ಪದರ ಇರುತ್ತದೆ. ಬಿಸಿ ನೀರಲ್ಲಿ ಉಜ್ಜಿದರೆ ಅವು ಒಂದಕ್ಕೊಂದು ಸಿಕ್ಕಿಕೊಂಡು ಬಟ್ಟೆ ಕುಗ್ಗಿ ಗಟ್ಟಿಯಾಗುತ್ತದೆ, ಮತ್ತೆ ಬಿಡಿಸಲಾಗದು. ಹಿಂಡದೆ ಟವೆಲಿನಲ್ಲಿ ಸುತ್ತಿ ಒತ್ತಿ, ನೆರಳಲ್ಲಿ ಹರವಿ ಒಣಗಿಸಿ.

ಎತ್ತಿಡುವಾಗ ನುಸಿಗುಳಿಗೆ ಹಾಕಲೇಬೇಡಿ. ಇದನ್ನು ನಾನು ಕಂಡಕಂಡವರಿಗೆಲ್ಲ ಹೇಳುತ್ತೇನೆ. ಬೀರುವಿನಲ್ಲಿ ಇಡುವ ಆ ಬಿಳಿ ಗುಂಡಿನಲ್ಲಿ ಸಾಮಾನ್ಯವಾಗಿ ನ್ಯಾಫ್ತಲಿನ್ ಇರುತ್ತದೆ. ಕೆಲವು ಮಕ್ಕಳಿಗೆ ಹುಟ್ಟಿನಿಂದಲೇ ಜಿ6ಪಿಡಿ ಎಂಬ ಕಿಣ್ವ ಕಡಿಮೆ ಇರುತ್ತದೆ. ಅಂಥ ಕೂಸಿಗೆ ಆ ಬಟ್ಟೆಯ ವಾಸನೆ, ಸ್ಪರ್ಶದಿಂದಲೇ ಕೆಂಪು ರಕ್ತಕಣ ಒಡೆದು ಕಾಮಾಲೆ ವಿಪರೀತ ಏರಬಹುದು, ಮಿದುಳಿಗೂ ಪೆಟ್ಟಾಗಬಹುದು. ಯಾವ ಕೂಸಿಗೆ ಈ ಕೊರತೆ ಇದೆ ಎಂದು ನೋಡಿ ಹೇಳಲಾಗುವುದಿಲ್ಲ. ಅಕ್ಕನ ಮಗುವಿನ ಸ್ವೆಟರ್, ಅಜ್ಜಿಯ ಪೆಟ್ಟಿಗೆಯ ಶಾಲು ಪ್ರೀತಿಯಿಂದ ಬರುತ್ತವೆ, ಜೊತೆಗೆ ಆ ವಾಸನೆಯೂ ಬರುತ್ತದೆ. ತೊಳೆದು ಬಿಸಿಲಿಗೆ ಹಾಕಿದ ಮೇಲೂ ವಾಸನೆ ಉಳಿದರೆ ಅದು ಕೂಸಿಗೆ ಬೇಡ. ಚೆನ್ನಾಗಿ ಒಣಗಿದ ಬೇವಿನೆಲೆ ಅಥವಾ ಲಾವಂಚವನ್ನು ಬಟ್ಟೆಯ ಗಂಟಿನಲ್ಲಿ ಕಟ್ಟಿ ಇಡಿ, ಹೆಣಿಗೆಯನ್ನು ಮುಚ್ಚಳದ ಡಬ್ಬಿಗೆ ಹಾಕಿ.

ಹೆಣೆಯುವ ಬಸುರಿಗೆ

ಕೊನೆಯ ಮೂರು ತಿಂಗಳಲ್ಲಿ ಮೈಯಲ್ಲಿ ನೀರು ತುಂಬಿ ಮಣಿಕಟ್ಟಿನ ನರ ಒತ್ತಿ, ಬೆರಳು ಜೋಮು ಹಿಡಿಯುವುದು ಸಾಮಾನ್ಯ. ಹಾಗಾಗಿ ಐದನೇ ತಿಂಗಳಲ್ಲೇ ಶುರು ಮಾಡಿ. ಇಪ್ಪತ್ತು ನಿಮಿಷ ಹೆಣೆದರೆ ಎದ್ದು ನಾಲ್ಕು ಹೆಜ್ಜೆ ನಡೆಯಿರಿ. ಬೆನ್ನಿಗೆ ದಿಂಬು, ಕಾಲ ಕೆಳಗೆ ಮಣೆ. ಜೋಮು ಜಾಸ್ತಿಯಾದರೆ ಕಡ್ಡಿ ಕೆಳಗಿಡಿ, ಉಳಿದದ್ದನ್ನು ಅಕ್ಕನೋ ಅಮ್ಮನೋ ಮಾಡಲಿ. ನನ್ನ ತಂಗಿ ಆರನೇ ತಿಂಗಳಲ್ಲಿ ಒಂದೂವರೆ ಚೌಕ ಮುಗಿಸಿ, ‘ಅಕ್ಕಾ, ಬೆರಳೇ ಗೊತ್ತಾಗ್ತಿಲ್ಲ’ ಎಂದು ಕಡ್ಡಿ ಸಮೇತ ನನಗೆ ಕಳಿಸಿಕೊಟ್ಟಳು.

ದಾರ ಮಿಕ್ಕಿದರೆ ಬಾಣಂತಿಗೂ ಒಂದು ಜೊತೆ ಕಾಲುಚೀಲ ಹೆಣೆಯಿರಿ. ಎಲ್ಲರ ಕಣ್ಣೂ ಕೂಸಿನ ಮೇಲೆ ಇರುತ್ತದೆ. ತಣ್ಣನೆ ನೆಲದ ಮೇಲೆ ನಡುರಾತ್ರಿ ಎದ್ದು ಓಡಾಡುವವಳು ಅವಳು.

ಕೂಸು ಬಂದ ಮೇಲೆ

ಟೇಪನ್ನು ಹುಬ್ಬಿನ ಮೇಲಿಂದ ತಲೆಯ ಹಿಂದಿನ ಉಬ್ಬಿನ ತನಕ ಸುತ್ತಿ ಅಳೆಯಿರಿ. ಆಸ್ಪತ್ರೆಯಲ್ಲಿ ಅಳೆದು ಬರೆದಿರುತ್ತಾರೆ, ಅದನ್ನೇ ಕೇಳಬಹುದು. 34-36 ಇದ್ದರೆ ಕುಲಾವಿಯ ಎರಡು ಅಂಚಿನಿಂದ ಒಂದೊಂದು ಕುಣಿಕೆ ಒಳಗೆ ಹೊಲಿಯಿರಿ. 37 ಇದ್ದರೆ ಅಂಚಿಗೆ ಅಂಚು ತಾಗಿಸಿ. ಕೂಸು ಸಣ್ಣದಾಗಿ ಹುಟ್ಟಿದರೆ ಮೂರು ಮೂರು ಕುಣಿಕೆ ಒಳಗೆ ತೆಗೆದುಕೊಂಡು, ಹೊಲಿಗೆಯ ಉಬ್ಬು ಹೊರಬದಿಗೆ ಬರುವಂತೆ ಮಾಡಿ, ಎಳೆ ತಲೆಗೆ ಒತ್ತಬಾರದು. ನೆತ್ತಿಯ 8 ಕುಣಿಕೆಯ ದಾರ ಎಳೆದು ಬಿಗಿಸಿ, ಅದೇ ದಾರದಿಂದ ಕೆಳಗಿನ ತನಕ ಹೊಲಿಯಿರಿ. ಹತ್ತು ನಿಮಿಷದ ಕೆಲಸ.

ತಂಗಿಯ ಎರಡು ಕುಲಾವಿಗಳು ಡಬ್ಬಿಯಲ್ಲಿವೆ. ಪ್ರತಿಯೊಂದರ ಬಾಲದ ದಾರಕ್ಕೂ ಸೂಜಿ ಪೋಣಿಸಿಯೇ ಇಟ್ಟಿದ್ದೇನೆ. ಆಸ್ಪತ್ರೆಗೆ ಹೊರಡುವಾಗ ಡಬ್ಬಿ ಎತ್ತಿಕೊಂಡರೆ ಸಾಕು.